ದೊಡ್ಡವರ ಪಾಠದ ನಡುವೆ ಪುಟ್ಟ ಮಗುವಿನ ಕಲಿಕೆ: ಯಾವ ಮನೆಗೆ ಯಾವ ದಾರಿ?

‘ದೊಡ್ಡ ಮಕ್ಕಳ ಪಾಠ ಹೇಗೋ ನಡೆಯುತ್ತೆ, ಚಿಕ್ಕದಕ್ಕೆ ಮಾತ್ರ ಏನೂ ಕಲಿಸೋಕೆ ಆಗ್ತಿಲ್ಲ.’ ಹೋಮ್‌ಸ್ಕೂಲಿಂಗ್ ಮಾಡುವ, ಅಂದರೆ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಅಪ್ಪ ಅಮ್ಮಂದಿರು ಸಿಕ್ಕಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳ ಸಾಲು. ಮಗು ಮಲಗಿದಾಗ ಪಾಠ ಮುಗಿಸಿಬಿಡಲಾ? ಪಕ್ಕದಲ್ಲೇ ಕೂರಿಸಿಕೊಳ್ಳಲಾ? ಅಕ್ಕನಿಗೆ ಒಪ್ಪಿಸಲಾ? ಪ್ಲೇ ಗ್ರೂಪಿಗೆ ಹಾಕಲಾ? ಅರ್ಧ ಗಂಟೆ ಕಾರ್ಟೂನ್ ಹಾಕಿದರೆ ಏನು ಮಹಾ?

ಎಲ್ಲವೂ ಜನ ಬಳಸುವ ದಾರಿಗಳೇ. ಆದರೆ ಒಂದು ಮನೆಗೆ ಒಗ್ಗಿದ್ದು ಇನ್ನೊಂದು ಮನೆಯಲ್ಲಿ ಎರಡು ದಿನವೂ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಅಳತೆಗೋಲು ಇಟ್ಟುಕೊಂಡು, ಆಮೇಲೆ ಒಂದೊಂದನ್ನೇ ತೂಗಿ ನೋಡೋಣ.

ಮೊದಲು, ಪುಟ್ಟ ಮಗುವಿಗೆ ಬೇಕಾದದ್ದು ಏನು?

ಒಂದರಿಂದ ಮೂರು ವರ್ಷದ ಮಗುವಿಗೆ ಪಾಠದ ಪೀರಿಯಡ್ ಬೇಕಿಲ್ಲ. ಅಕ್ಷರ, ಅಂಕಿ, ಬಣ್ಣದ ಹೆಸರು ಇವೆಲ್ಲ ಆಮೇಲೆ ಬಂದರೂ ನಡೆಯುತ್ತದೆ. ಈ ವಯಸ್ಸಿನ ಕಲಿಕೆ ಎಂದರೆ ಮಾತು, ಓಡಾಟ, ಕೈಗೆ ಕೆಲಸ, ಮತ್ತು ತಾನು ಏನೋ ತೋರಿಸಿದಾಗ ತಿರುಗಿ ನೋಡುವ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಟ ಇರಬೇಕು. ಒಂದರಿಂದ ಎರಡು ವರ್ಷದವರಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ. ಅಲ್ಲಿಗೆ ದಿನದ ದೊಡ್ಡ ಪಾಲು ನಿದ್ದೆಗೆ ಮತ್ತು ಓಡಾಟಕ್ಕೇ ಹೋಯಿತು, ಅಲ್ವಾ?

ಹಾಗಾಗಿ ನೀವು ಹುಡುಕಬೇಕಾದದ್ದು ಹೆಚ್ಚುವರಿ ಒಂದು ಗಂಟೆಯನ್ನಲ್ಲ. ದಿನಕ್ಕೆ ಒಂದೆರಡು ಸಲ ನಿಮ್ಮ ಪೂರ್ತಿ ಗಮನದ ಹದಿನೈದು ನಿಮಿಷ, ಉಳಿದ ಹೊತ್ತಿಗೆ ಕೈಗೆ ಏನಾದರೂ ಕೆಲಸ. ನನ್ನ ಮಟ್ಟಿಗೆ ಇಷ್ಟು ಸಿಕ್ಕಿದರೆ ಚಿಕ್ಕದರ ಕಲಿಕೆ ಸರಿಯಾಗಿಯೇ ನಡೆಯುತ್ತಿದೆ ಎಂದು ಲೆಕ್ಕ.

ತೂಗುವುದು ಹೇಗೆ?

ಯಾವ ದಾರಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಇದರಿಂದ ಮಗು ಕಲಿಯುತ್ತಾ, ಅಥವಾ ಸುಮ್ನೆ ಇರುತ್ತಾ? ಎರಡೂ ನಮಗೆ ಬೇಕಾಗುತ್ತದೆ. ಆದರೆ ಎರಡನ್ನೂ ಒಂದೇ ಎಂದುಕೊಂಡರೆ ಗೊಂದಲ ಶುರು.

ಉಳಿದವು ನಿಮ್ಮ ಮನೆಯ ಲೆಕ್ಕ. ದೊಡ್ಡ ಮಕ್ಕಳು ನೀವಿಲ್ಲದೆ ಎಷ್ಟು ಹೊತ್ತು ಕೂತು ಕೆಲಸ ಮಾಡುತ್ತಾರೆ? ತಯಾರಿಗೆ ನಿಮ್ಮ ಹತ್ತಿರ ಸಮಯ ಇದೆಯಾ? ಕೈಯಿಂದ ಹಣ ಎಷ್ಟು ಹೋಗುತ್ತದೆ? ಮಗುವಿನ ಮೇಲಿಂದ ಒಂದು ನಿಮಿಷ ಕಣ್ಣು ತೆಗೆದರೆ ಅಪಾಯವಾ? ಕೊನೆಯದಾಗಿ, ಈ ಏರ್ಪಾಡು ಎಷ್ಟು ತಿಂಗಳು ಬಾಳುತ್ತದೆ? ಪುಟ್ಟ ಮಕ್ಕಳ ವಿಷಯದಲ್ಲಿ ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಮೇಲೆ ಎಲ್ಲರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ.

ಮಗು ಮಲಗಿದಾಗ ಪಾಠ

ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಖರ್ಚಿಲ್ಲ, ತಯಾರಿ ಇಲ್ಲ, ಮನೆ ಶಾಂತ. ಲೆಕ್ಕ, ವ್ಯಾಕರಣ, ಅಂಟು ಕತ್ತರಿಯ ಕೆಲಸ, ಸಣ್ಣ ಸಣ್ಣ ಭಾಗಗಳಿರುವ ವಿಜ್ಞಾನದ ಪ್ರಯೋಗ ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ತೊಂದರೆ ಎರಡು. ಒಂದು, ಇದು ದೊಡ್ಡವರ ಸಮಸ್ಯೆ ಬಗೆಹರಿಸುತ್ತದೆಯೇ ಹೊರತು ಚಿಕ್ಕದರದ್ದನ್ನಲ್ಲ. ಮಗು ಎದ್ದ ಮೇಲೆ ಅದಕ್ಕೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು. ಇನ್ನೊಂದು, ಈ ಹೊತ್ತು ಕರಗುತ್ತಾ ಹೋಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಹಗಲಿನ ಎರಡು ನಿದ್ದೆಯಿಂದ ಒಂದಕ್ಕೆ ಇಳಿಯುತ್ತಾರೆ. ಮೂರರಿಂದ ಐದು ವರ್ಷದೊಳಗೆ ಬಹಳಷ್ಟು ಮಕ್ಕಳು ಅದನ್ನೂ ಬಿಡುತ್ತಾರೆ. ನಡುವೆ ಹಲ್ಲು ಬರುವುದು, ನೆಗಡಿ, ಪ್ರಯಾಣ. ಆ ದಿನ ನಿದ್ದೆಯೂ ಇಲ್ಲ, ಪಾಠವೂ ಇಲ್ಲ. ಮೇಲಾಗಿ ನಿಮಗೆ ಕಾಲು ಚಾಚಿ ಕೂರಲು ಇರುವುದೂ ಅದೇ ಹೊತ್ತು.

ನಿಮ್ಮ ಪಕ್ಕದಲ್ಲೇ ಕೂತು ಕಲಿಯಬೇಕಾದ ಒಂದೇ ಒಂದು ವಿಷಯವನ್ನು ಇದಕ್ಕೆ ಮೀಸಲಿಡಿ. ಇಡೀ ದಿನದ ಪಾಠವನ್ನು ಇದರೊಳಗೆ ತುರುಕಬೇಡಿ.

ಪುಸ್ತಕ ತೆರೆಯುವ ಮೊದಲು ಪುಟ್ಟದರ ಪಾಳಿ

ನನ್ನ ಓಟು ಇದಕ್ಕೇ. ಬೆಳಗ್ಗೆ ದೊಡ್ಡವರ ಪಾಠ ಶುರುವಾಗುವ ಮೊದಲು ಹದಿನೈದು ಇಪ್ಪತ್ತು ನಿಮಿಷ ನೆಲದ ಮೇಲೆ ಮಗುವಿನ ಜೊತೆ ಕೂರುವುದು. ಫೋನ್ ಬೇರೆ ಕೋಣೆಯಲ್ಲಿ. ಏನು ಆಡಬೇಕು ಎಂದು ಮಗುವೇ ಹೇಳಲಿ, ನೀವು ಹಿಂದೆ ಹೋಗಿ. ಕಟ್ಟಿ ಬೀಳಿಸುವುದು, ಬಟ್ಟೆಯಡಿ ಅಡಗಿಸಿಟ್ಟದ್ದನ್ನು ಹುಡುಕುವುದು, ಚಿತ್ರದ ಪುಸ್ತಕ, ಏನಾದರೂ ಆದೀತು.

ಚಿತ್ರದ ಪುಸ್ತಕವನ್ನು ಸುಮ್ನೆ ಓದಿ ಮುಗಿಸಬೇಡಿ. 1988ರಲ್ಲಿ ವೈಟ್‌ಹರ್ಸ್ಟ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು 21ರಿಂದ 35 ತಿಂಗಳ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಕೆಲವು ಪೋಷಕರಿಗೆ ಓದುವಾಗ ‘ಇದೇನು ಮಾಡ್ತಿದೆ?’ ಎಂಬಂತಹ ಪ್ರಶ್ನೆ ಕೇಳಲು, ಮಗು ಹೇಳಿದ ಒಂದು ಪದಕ್ಕೆ ಇನ್ನೆರಡು ಪದ ಸೇರಿಸಿ ಹೇಳಲು ಕಲಿಸಿದರು. ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಈ ಪೋಷಕರ ಮಕ್ಕಳ ಮಾತು ಮುಂದೆ ಹೋಗಿತ್ತು. ಇದಕ್ಕೆ ಹೊಸ ಪುಸ್ತಕ ಬೇಕಿಲ್ಲ, ಇರುವ ಪುಸ್ತಕವನ್ನೇ ನಿಧಾನಕ್ಕೆ ತಿರುವಿದರೆ ಸಾಕು. ಮಗು ‘ನಾಯಿ’ ಎಂದರೆ ನೀವು ‘ಹೌದು, ಕಪ್ಪು ನಾಯಿ, ಓಡ್ತಾ ಇದೆ’ ಎನ್ನಿ. ಅಷ್ಟೇ.

ಹೀಗೆ ಹೊಟ್ಟೆ ತುಂಬ ಗಮನ ಸಿಕ್ಕ ಮಗು ಆಮೇಲೆ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಆಡಿಕೊಳ್ಳುವುದು ಹೆಚ್ಚು. ಖಾತರಿ ಏನಿಲ್ಲ. ಅಂಟಿಕೊಳ್ಳುವ ಸ್ವಭಾವದ ಮಗುವಾದರೆ ನೀವು ಏಳುವಾಗ ಅಳಬಹುದು. ಪ್ರತಿದಿನ ಒಂದೇ ರೀತಿ ಮುಗಿಸಿದರೆ ಅದಕ್ಕೂ ರೂಢಿಯಾಗುತ್ತದೆ: ಇಬ್ಬರೂ ಸೇರಿ ಆಟಿಕೆ ಎತ್ತಿಡುವುದು, ಒಂದು ಹಾಡು, ಆಮೇಲೆ ಅಕ್ಕನ ಲೆಕ್ಕ.

ಕಳೆದುಕೊಳ್ಳುವುದೂ ಇದೆ. ದೊಡ್ಡ ಮಕ್ಕಳ ತಲೆ ಚುರುಕಾಗಿರುವ ಬೆಳಗಿನ ಹೊತ್ತು ಸ್ವಲ್ಪ ಕೈಬಿಡುತ್ತದೆ. ಎಂಟು ಹತ್ತು ವರ್ಷದವರು ಆ ಹೊತ್ತಿಗೆ ಕಾಪಿ ಬರೆಯುವುದು, ಓದಿಕೊಳ್ಳುವುದು ಮಾಡಬಹುದು. ಆರು ವರ್ಷದ್ದು ಹಾಗೆ ಕೂರುವುದಿಲ್ಲ. ಅದನ್ನೂ ನೆಲದ ಆಟಕ್ಕೆ ಸೇರಿಸಿಕೊಳ್ಳಿ. ಚಿಕ್ಕದಕ್ಕೆ ಸಿಗುವ ಗಮನ ಅರ್ಧವಾಗುತ್ತದೆ, ನಿಜ. ಜಗಳ ಮಾತ್ರ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಎಲ್ಲರಿಗೂ ಒಂದೇ ಮೇಜು

ದೊಡ್ಡದು ಎಲೆಗಳನ್ನು ಆಕಾರ ನೋಡಿ ವಿಂಗಡಿಸುತ್ತಿದ್ದರೆ ಚಿಕ್ಕದು ಎಲೆಗಳನ್ನು ಬುಟ್ಟಿಗೆ ತುಂಬಿ ಸುರಿಯುತ್ತದೆ. ದೊಡ್ಡದು ನಕ್ಷೆಗೆ ಬಣ್ಣ ತುಂಬುತ್ತಿದ್ದರೆ ಚಿಕ್ಕದಕ್ಕೆ ದಪ್ಪ ಕ್ರೇಯಾನ್ ಮತ್ತು ಅದರದ್ದೇ ಕಾಗದ. ನೀವು ಕತೆ ಅಥವಾ ಇತಿಹಾಸ ಜೋರಾಗಿ ಓದುತ್ತಿದ್ದರೆ ಅದು ಸುತ್ತಮುತ್ತ ಉರುಳಾಡುತ್ತಲೇ ಕೇಳಿಸಿಕೊಳ್ಳುತ್ತದೆ. ಇಡೀ ದಿನ ಮಾತಿನ ನಡುವೆ ಇರುವುದೇ ಪುಟ್ಟ ಮಗುವಿಗೆ ಇದರ ದೊಡ್ಡ ಲಾಭ.

ಆದರೆ ಎರಡು ವರ್ಷದ ಮಗು ಒಂದು ಕೆಲಸದಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ಅರ್ಧ ಗಂಟೆ ಕೂರುತ್ತದೆ ಎಂದು ಲೆಕ್ಕ ಹಾಕಿದರೆ ಮೋಸ ಹೋದಂತೆ. ಭಾಗಾಕಾರದ ಪುಟದ ಮೇಲೆ ನೇರಳೆ ಗೀಟು ಬೀಳುವುದು ಗ್ಯಾರಂಟಿ. ಏಳೆಂಟು ವರ್ಷದವರು ಅದನ್ನು ನಕ್ಕು ಬಿಡಬಹುದು, ಪರೀಕ್ಷೆಗೆ ಓದುತ್ತಿರುವ ಹದಿಮೂರರ ಹುಡುಗಿ ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಅವಳಿಗೆ ಬಾಗಿಲು ಮುಚ್ಚಿಕೊಳ್ಳುವ ಒಂದು ಜಾಗ ಕೊಡಿ. ಒಂದೇ ಮೇಜು ಹೊಂದುವುದು ದೊಡ್ಡವರೂ ಒಂಬತ್ತರೊಳಗಿನವರಾಗಿದ್ದು, ಪಾಠದಲ್ಲಿ ಕೈಕೆಲಸ ಜಾಸ್ತಿ ಇರುವ ಮನೆಗೆ.

ಪಾಠದ ಹೊತ್ತಿಗೆ ಮಾತ್ರ ತೆರೆಯುವ ಡಬ್ಬ

ಕೆಲವು ಆಟದ ಸಾಮಾನನ್ನು ಡಬ್ಬಗಳಲ್ಲಿ ಹಾಕಿಟ್ಟು, ಪಾಠದ ಹೊತ್ತಿಗೆ ಮಾತ್ರ ಒಂದನ್ನು ಕೆಳಗಿಳಿಸುವುದು. ಒಂದರೊಳಗೊಂದು ಕೂರುವ ಬಟ್ಟಲು, ಮುಚ್ಚಳ ತಿರುಗಿಸುವ ಖಾಲಿ ಡಬ್ಬಿ, ಬಟ್ಟೆಯ ತುಂಡು, ರಟ್ಟಿನ ಪುಸ್ತಕ. ಮನೆಯಲ್ಲಿ ಇರುವುದರಲ್ಲೇ ಆಗುತ್ತದೆ. ಮರದ ದುಬಾರಿ ಸೆಟ್ಟುಗಳು ನೋಡಲು ಚೆಂದ. ಆದರೆ ಮುಚ್ಚಳದ ಡಬ್ಬಿ ಕೊಡುವ ಕಲಿಕೆಗೂ ಅದಕ್ಕೂ ಬೆಲೆಯಲ್ಲಿರುವಷ್ಟು ವ್ಯತ್ಯಾಸ ಇಲ್ಲ.

ಒಮ್ಮೆಗೆ ಕಡಿಮೆ ಇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 30 ತಿಂಗಳ 36 ಮಕ್ಕಳಿಗೆ ಒಮ್ಮೆ 4 ಆಟಿಕೆ, ಒಮ್ಮೆ 16 ಆಟಿಕೆ ಕೊಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಹಾಗಾಗಿ ಇರುವುದನ್ನು ವಾರಕ್ಕೊಮ್ಮೆ ಬದಲಿಸುವುದು ಹೊಸದು ಕೊಳ್ಳುವುದಕ್ಕಿಂತ ಜಾಣತನ.

ಇಲ್ಲಿ ನೀವು ಕೊಡುವ ಬೆಲೆ ತಯಾರಿ. ಡಬ್ಬ ಜೋಡಿಸಲು ವಾರದಲ್ಲಿ ಒಂದು ಸಂಜೆ ಬೇಕು. ಅದು ಹಿಡಿದು ಕೂರಿಸುವುದು ಹತ್ತು ನಿಮಿಷವಾದರೆ ದೊಡ್ಡದು.

ಸುರಕ್ಷತೆಯ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಏಕೆಂದರೆ ಹೋಮ್‌ಸ್ಕೂಲಿಂಗ್ ಮನೆಯಲ್ಲಿ ಅಪಾಯದ ಸಾಮಾನು ಬರುವುದು ದೊಡ್ಡವರ ಪೆಟ್ಟಿಗೆಯಿಂದ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಹೋಗುವ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು. ಮನೆಯಲ್ಲಿ ನೋಡಲು ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆ ಸಾಕು. ಅದರೊಳಗಿಂದ ಜಾರಿ ಬೀಳುವ ಯಾವುದೂ ಪುಟ್ಟದರ ಕೈಗೆ ಬೇಡ. ದೊಡ್ಡವರ ಸರ್ಕ್ಯೂಟ್ ಕಿಟ್‌ನಲ್ಲಿರುವ ಬಟನ್ ಬ್ಯಾಟರಿ, ಪುಟ್ಟ ಅಯಸ್ಕಾಂತಗಳನ್ನು ಬೀಗದೊಳಗೆ ಇಡಿ. ನುಂಗಿದ ಬಟನ್ ಬ್ಯಾಟರಿ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡಬಲ್ಲದು. ನೀರಿನ ಆಟ ಡಬ್ಬದ ಪಟ್ಟಿಯಲ್ಲಿ ಬೇಡವೇ ಬೇಡ. ಕೆಲವೇ ಸೆಂಟಿಮೀಟರ್ ನೀರೂ ಈ ವಯಸ್ಸಿಗೆ ಅಪಾಯ. ಅದು ನೀವು ಪಕ್ಕದಲ್ಲಿ ಕೂತು ಆಡಿಸಬೇಕಾದ ಆಟ.

ಅಕ್ಕ ಅಣ್ಣಂದಿರ ಸರದಿ

ದೊಡ್ಡವರು ಇಬ್ಬರಾದರೂ ಇದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಒಬ್ಬರು ನಿಮ್ಮ ಜೊತೆ ಲೆಕ್ಕಕ್ಕೆ ಕೂತಾಗ ಇನ್ನೊಬ್ಬರು ಇಪ್ಪತ್ತು ನಿಮಿಷ ಪುಟ್ಟದರ ಜೊತೆ. ಆಮೇಲೆ ಅದಲು ಬದಲು. ಈಗಷ್ಟೇ ಓದಲು ಕಲಿತ ಮಗುವಿಗೆ ತಮ್ಮನಿಗೆ ಓದಿ ಹೇಳುವುದು ಒಳ್ಳೆಯ ಅಭ್ಯಾಸ. ತಪ್ಪಿದರೂ ಕೇಳುವವರು ತಿದ್ದುವುದಿಲ್ಲ!

ಎಚ್ಚರ ಬೇಕಾದ ಕಡೆ: ಸರದಿ ಎಂದು ಶುರುವಾದದ್ದು ಮೆಲ್ಲಗೆ ಒಬ್ಬರ ಕೆಲಸವಾಗಿ ಬಿಡುತ್ತದೆ. ಸಾಮಾನ್ಯವಾಗಿ ಹಿರಿಯ ಹೆಣ್ಣುಮಗುವಿನ ಕೆಲಸ. ಅವಳು ಹೇಗೂ ಮಾಡುತ್ತಾಳಲ್ಲ ಎನ್ನಿಸುತ್ತದೆ, ಅದಕ್ಕೇ. ಗಡಿಯಾರ ಇಟ್ಟು, ಎಲ್ಲರಿಗೂ ಸಮ ಹಂಚಿ, ಹೊತ್ತು ಮುಗಿದಾಗ ನಿಜವಾಗಿಯೂ ಮುಗಿಸಿ. ಮಕ್ಕಳು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ನೀವು ಇರಬೇಕು. ಸ್ನಾನ, ಡೈಪರ್, ಮೆಟ್ಟಿಲು ಮಕ್ಕಳ ಜವಾಬ್ದಾರಿ ಅಲ್ಲ. ಒಬ್ಬನೇ ದೊಡ್ಡ ಮಗ ಇದ್ದರೆ ಈ ದಾರಿಯನ್ನು ಮರೆತುಬಿಡಿ. ಪಾಠ ಆಗಬೇಕಾದವನೇ ಮಗು ನೋಡಿಕೊಳ್ಳುತ್ತಾ ಕೂತಂತಾಗುತ್ತದೆ.

ಮನೆಗೆಲಸ ಮಾಡುತ್ತಾ ಪಾಠ

ಇದನ್ನು ಜನ ದಾರಿ ಎಂದೇ ಎಣಿಸುವುದಿಲ್ಲ. ನನಗೆ ಮಾತ್ರ ಬೆಳಗಿನ ಪಾಳಿಯ ನಂತರ ಇದೇ ಇಷ್ಟ. 2006ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲೊ ಎಂಬ ಸಂಶೋಧಕರು 18 ತಿಂಗಳ ಮಕ್ಕಳ ಎದುರು ಬೇಕೆಂದೇ ವಸ್ತು ಬೀಳಿಸಿ, ಎಟುಕದಂತೆ ನಟಿಸಿದರು. ಬಹಳಷ್ಟು ಮಕ್ಕಳು ಯಾರೂ ಹೊಗಳದಿದ್ದರೂ, ಏನೂ ಕೊಡದಿದ್ದರೂ ತಾವಾಗಿ ಎತ್ತಿ ಕೊಟ್ಟರು. ಅಂದರೆ ನಮ್ಮ ಕೆಲಸಕ್ಕೆ ಕೈ ಹಾಕುವ ಆಸೆ ಆ ವಯಸ್ಸಿಗೇ ಇರುತ್ತದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಮೊದಲ ಮಕ್ಕಳ ಮನೆಯಲ್ಲೂ ಗುಡಿಸುವುದು, ಒರೆಸುವುದು, ಗುಂಡಿ ಹಾಕುವುದು ಕಲಿಕೆಯ ಭಾಗವೇ ಆಗಿತ್ತು.

ಹೋಮ್‌ಸ್ಕೂಲಿಂಗ್ ಮನೆಯಲ್ಲಿ ಇದರ ಅನುಕೂಲ ಹೀಗೆ. ಒಗೆದ ಬಟ್ಟೆಯ ರಾಶಿ ಮುಂದೆ ನೀವು, ಪುಟ್ಟದು. ಅದು ಕಾಲುಚೀಲದ ಜೋಡಿ ಹುಡುಕುತ್ತದೆ. ನೀವು ‘ಇದು ದೊಡ್ಡದು, ಇದು ಚಿಕ್ಕದು’ ಎನ್ನುತ್ತೀರಿ. ದೊಡ್ಡದು ಎದುರಿಗೆ ಕೂತು ಮಗ್ಗಿ ಒಪ್ಪಿಸುತ್ತದೆ, ಇಲ್ಲವೇ ಓದಿದ ಪಾಠವನ್ನು ತನ್ನ ಮಾತಲ್ಲಿ ಹೇಳುತ್ತದೆ. ಬಾಯಿಪಾಠ, ಓದಿಸುವುದು, ಕಾಗುಣಿತ ಕೇಳುವುದು, ಕವಿತೆ ಹೇಳಿಸುವುದು ಇದಕ್ಕೆಲ್ಲ ನಿಮ್ಮ ಕಿವಿ ಸಾಕು. ಕೈ ಚಿಕ್ಕದಕ್ಕೆ ಸಿಗುತ್ತದೆ. ಒಟ್ಟಿಗೆ ಮೂರು ಕೆಲಸ, ಖರ್ಚು ಸೊನ್ನೆ.

ಕೆಲಸ ನಿಧಾನವಾಗುತ್ತದೆ, ಮಡಚಿದ್ದನ್ನು ಮತ್ತೆ ಮಡಚಬೇಕು. ಬರೆಯುವ ಪಾಠಕ್ಕೆ ಇದು ಆಗುವುದಿಲ್ಲ. ಅಚ್ಚುಕಟ್ಟು ಇಲ್ಲದಿದ್ದರೆ ಮೈ ಉರಿಯುವವರಿಗಂತೂ ಇದು ಬೇಡ.

ಹೊರಗಿನ ನೆರವು

ಪ್ಲೇ ಗ್ರೂಪ್, ಕೆಲವು ಗಂಟೆ ಬಂದು ನೋಡಿಕೊಳ್ಳುವವರು, ಅಜ್ಜಿ ತಾತ, ಅಥವಾ ಇನ್ನೊಂದು ಹೋಮ್‌ಸ್ಕೂಲಿಂಗ್ ಕುಟುಂಬದ ಜೊತೆ ಕೊಡು-ಕೊಳ್ಳು. ಮೊದಲ ಎರಡಕ್ಕೆ ಪ್ರತಿ ತಿಂಗಳು ಹಣ ಬೇಕು. ಕುಟುಂಬದ ಜೊತೆಗಿನ ಹೊಂದಾಣಿಕೆಗೆ ಹಣ ಬೇಡ, ಆದರೆ ಅವರ ಮಗುವನ್ನು ನೋಡಿಕೊಳ್ಳುವ ದಿನ ನಿಮ್ಮ ಪಾಠ ಕುಂಟುತ್ತದೆ. ವಾರದಲ್ಲಿ ಒಂದು ದಿನಕ್ಕೆ ಸೀಮಿತವಾಗಿದ್ದರೆ ಲಾಭವೇ.

ಪ್ಲೇ ಗ್ರೂಪಿಗೆ ‘ಬೇರೆ ಮಕ್ಕಳ ಜೊತೆ ಬೆರೆಯಲಿ’ ಎಂದು ಹಾಕುವುದಾದರೆ ಅವಸರ ಬೇಡ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ತೋರಿಸಿದಂತೆ ಎರಡು ವರ್ಷದ ಆಸುಪಾಸಿನ ಮಕ್ಕಳು ಹೆಚ್ಚಾಗಿ ಒಬ್ಬಂಟಿಯಾಗಿ, ಇಲ್ಲವೇ ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಕೂಡಿ ಆಡುವುದು ಆಮೇಲಿನ ಮಾತು. ಮನೆಯಲ್ಲಿ ಅಕ್ಕ ಅಣ್ಣ ಇರುವ ಮಗುವಿಗೆ ಬೆರೆಯುವ ಪಾಠ ಬೇಕಾದಷ್ಟು ಸಿಗುತ್ತಿರುತ್ತದೆ. ನಿಮಗೆ ಮೂರು ಗಂಟೆ ಬಿಡುವು ಬೇಕು ಎಂಬುದೇ ಕಾರಣವಾದರೆ ಅದೇ ಸಾಕಾದ ಕಾರಣ, ಬೇರೆ ಸಬೂಬು ಬೇಡ. ಬಿಟ್ಟು ಕರೆತರುವ ಹೊತ್ತನ್ನು ಮಾತ್ರ ಕಳೆದು ಲೆಕ್ಕ ಹಾಕಿ.

ಸ್ಕ್ರೀನ್

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ ಎನ್ನುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದರಿಂದ ಮೂರು ವರ್ಷದ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೊಡ್ಡವರ ಟಿವಿ ಕಾರ್ಯಕ್ರಮ ಹಿನ್ನೆಲೆಯಲ್ಲಿ ಓಡುತ್ತಿದ್ದರೂ ಮಕ್ಕಳ ಆಟ ತುಂಡುತುಂಡಾಗುವುದು ಕಂಡಿತು. ದೊಡ್ಡವರ ಆನ್‌ಲೈನ್ ಕ್ಲಾಸಿಗೆ ಹೆಡ್‌ಫೋನ್ ಬೇಕು ಎನ್ನುವುದು ಇದಕ್ಕೇ.

ಜ್ವರದ ದಿನ, ನಿಮಗೇ ಕೈಲಾಗದ ದಿನ ಹಾಕಿ, ತಪ್ಪೇನಿಲ್ಲ. ದಿನಚರಿಯ ಆಧಾರ ಮಾತ್ರ ಅದಾಗಬಾರದು. ಆಫ್ ಮಾಡಿದ ಮೇಲಿನ ರಂಪದಲ್ಲಿ ಉಳಿಸಿದ ಹೊತ್ತು ಹೇಗೂ ಹೋಗುತ್ತದೆ.

ನಿಮ್ಮ ಮನೆಗೆ ಯಾವುದು?

ಒಬ್ಬ ದೊಡ್ಡ ಮಗು, ಅದೂ ಆರೇಳು ವರ್ಷದ್ದು, ಜೊತೆಗೆ ಒಂದೂವರೆ ವರ್ಷದ್ದು ಇದ್ದರೆ: ಬೆಳಗ್ಗೆ ಇಬ್ಬರ ಜೊತೆ ನೆಲದ ಆಟ, ಓದಿನ ಪಾಠ ಮನೆಗೆಲಸದ ಜೊತೆ, ಲೆಕ್ಕ ಬರವಣಿಗೆ ನಿದ್ದೆಯ ಹೊತ್ತಿಗೆ. ಆ ವಯಸ್ಸಿನ ಪಾಠ ಅಷ್ಟರಲ್ಲಿ ಮುಗಿಯುತ್ತದೆ.

ಎಂಟು, ಹನ್ನೊಂದು, ಜೊತೆಗೆ ಎರಡೂವರೆ ಎಂದಾದರೆ ಬೆಳಗಿನ ಪಾಳಿ, ಸರದಿ, ಡಬ್ಬ ಈ ಮೂರೂ ಸೇರಿದರೆ ಮಧ್ಯಾಹ್ನದೊಳಗೆ ಮುಖ್ಯ ಪಾಠಗಳು ಆಗುತ್ತವೆ.

ಒಬ್ಬರಿಗೆ ಪರೀಕ್ಷೆಯ ವರ್ಷವಾಗಿದ್ದರೆ, ಅಥವಾ ನೀವು ಮನೆಯಿಂದಲೇ ಕೆಲಸವನ್ನೂ ಮಾಡುತ್ತಿದ್ದರೆ, ಇರುವ ಹಣವನ್ನು ಆಟಿಕೆಗೆ ಸುರಿಯದೆ ಹೊರಗಿನ ನೆರವಿಗೆ ಕೊಡಿ. ವಾರದಲ್ಲಿ ಎರಡು ಅರ್ಧ ದಿನ ಸಿಕ್ಕರೂ ದೊಡ್ಡ ವ್ಯತ್ಯಾಸ. ಹಣ ಇಲ್ಲವೇ ಇಲ್ಲ ಎಂದರೆ ಇನ್ನೊಂದು ಕುಟುಂಬದ ಜೊತೆ ವಾರಕ್ಕೊಂದು ದಿನದ ಕೊಡು-ಕೊಳ್ಳು, ಉಳಿದ ದಿನ ಬೆಳಗಿನ ಪಾಳಿ ಮತ್ತು ಮನೆಗೆಲಸದ ಪಾಠ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ದಾರಿ ಹಿಡಿದು ಎರಡು ವಾರ ನೋಡಿ. ಮೊದಲ ಮೂರು ನಾಲ್ಕು ದಿನ ರಗಳೆ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ವಾರದ ಮೇಲೂ ಚಿಕ್ಕದು ಪ್ರತಿದಿನ ಅದೇ ಹೊತ್ತಿಗೆ ಅಳುತ್ತಿದ್ದರೆ ಅದಕ್ಕೆ ಹಸಿವೋ ನಿದ್ದೆಯೋ ಇರಬಹುದು. ದಾರಿ ಬದಲಿಸುವ ಮುನ್ನ ಹೊತ್ತು ಬದಲಿಸಿ ನೋಡಿ. ದೊಡ್ಡವರ ಒಂದೇ ವಿಷಯ ಪದೇ ಪದೇ ಅರ್ಧಕ್ಕೆ ನಿಲ್ಲುತ್ತಿದ್ದರೆ ಅದನ್ನು ನಿದ್ದೆಯ ಹೊತ್ತಿಗೆ ದೂಡಿ.

ಮಗು ಹಗಲು ನಿದ್ದೆ ಬಿಟ್ಟ ದಿನ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಆಗ ಅದೇ ಹೊತ್ತನ್ನು ಕೈಬಿಡದೆ, ‘ಮೌನದ ಹೊತ್ತು’ ಎಂದು ಉಳಿಸಿಕೊಳ್ಳಿ. ಮಲಗಲೇಬೇಕೆಂದಿಲ್ಲ. ಹಾಸಿಗೆಯ ಮೇಲೆ ಮೂರು ಪುಸ್ತಕ, ಒಂದು ಗೊಂಬೆ, ಕೋಣೆಯ ಬಾಗಿಲು ತೆರೆದೇ ಇರಲಿ. ಹತ್ತು ನಿಮಿಷದಿಂದ ಶುರು ಮಾಡಿ ಮೆಲ್ಲಗೆ ಅರ್ಧ ಗಂಟೆಗೆ ಏರಿಸಿ. ನಿದ್ದೆ ಪೂರ್ತಿ ನಿಲ್ಲುವ ಕೆಲವು ವಾರ ಮೊದಲೇ ಇದನ್ನು ರೂಢಿ ಮಾಡಿಸಿದರೆ ಸುಲಭ.